ಹಸಿರು ಸೀರೆ, ಹದಿನಾಲ್ಕು ಪಾಯಿಂಟ್ ಎರಡು

ಆ ಗುರುವಾರದ ರಾದ್ಧಾಂತಕ್ಕೆಲ್ಲ ಮೂಲ ಅಂಗೈಯಗಲದ ಒಂದು ಸ್ಟಾಪ್‌ವಾಚು.

ಮೂರ್ ಮಾರ್ಕೆಟ್ಟಿನ ಹಳೇ ಸಾಮಾನಿನ ಅಂಗಡಿಯಲ್ಲಿ, ಒಂಟಿ ಬೂಟು ಮತ್ತು ಕೊಳವೆ ಕಳೆದುಕೊಂಡ ಗ್ರಾಮಫೋನಿನ ನಡುವೆ ಅದು ನಿದ್ದೆ ಹೋಗಿತ್ತು. ರಘುರಾಮ ಅದರ ನೆತ್ತಿ ಒತ್ತಿದ. ಮುಳ್ಳು ಎದ್ದು ಓಡಿತು. ಮತ್ತೆ ಒತ್ತಿದ. ನಿಂತಿತು. ತಾನು ಹೇಳಿದ ಮಾತು ಕೇಳುವ ಪ್ರಾಣಿಯೊಂದನ್ನು ಮೂವತ್ತೆಂಟು ವರ್ಷಗಳಲ್ಲಿ ಅವನು ಮೊದಲ ಸಲ ಕಂಡಿದ್ದ. ಅಲ್ಲಿಂದ ಬರಿಗೈಯಲ್ಲಿ ಬರಲು ಅವನಿಂದಾಗಲಿಲ್ಲ.

ರಘುರಾಮ ಮೌಂಟ್ ರೋಡಿನ ಒಂದು ವಿಮಾ ಕಚೇರಿಯಲ್ಲಿ ರೆಕಾರ್ಡ್ ಸೆಕ್ಷನ್ನಿನ ಗುಮಾಸ್ತ. ಮನೆ ತಿರುವಲ್ಲಿಕ್ಕೇಣಿಯ ಓಣಿಯೊಂದರಲ್ಲಿ, ಎರಡನೆಯ ಮಹಡಿ. ಅದು ೧೯೮೩ನೇ ಇಸವಿ. ಜೂನ್‌ನಲ್ಲಿ ಕ್ರಿಕೆಟ್ಟಿನ ವಿಶ್ವಕಪ್ ಗೆದ್ದ ಮೇಲೆ ಮದರಾಸಿನಲ್ಲಿ ಹಾಲು ಕರೆಯುವವನೂ ಹಾಲು ಕುಡಿಯುವ ಕೂಸೂ ಬ್ಯಾಟು ಹಿಡಿದು ಓಡಾಡುತ್ತಿದ್ದ ಕಾಲ. ರಘುರಾಮನಿಗೆ ಮಾತ್ರ ಓಟದ ಮೋಹ. ಹಾಗಂತ ಅವನೇನೂ ಓಡುವವನಲ್ಲ. ಬಸ್ಸು ಹತ್ತು ಮಾರು ಮುಂದೆ ಹೋಗಿ ನಿಂತರೆ 'ಇನ್ನೊಂದು ಬರುತ್ತೆ ಬಿಡು' ಎನ್ನುವ ಮೈ ಅವನದು. ಆದರೆ ಭೂಮಿಯ ಯಾವ ಮೂಲೆಯಲ್ಲಿ ಯಾರು ಓಡಿದರೂ ಅವನ ಎದೆ ಅವರ ಜೊತೆ ಓಡುತ್ತಿತ್ತು.

ಎಂಥ ವರ್ಷ ಅದು! ಮೇ ತಿಂಗಳಲ್ಲಿ ಅಮೆರಿಕದವನೊಬ್ಬ ಈಟಿಯನ್ನು ತೊಂಬತ್ತೊಂಬತ್ತು ಮೀಟರಿನಾಚೆಗೆ ಎಸೆದ. ಹದಿನೈದು ವರ್ಷದಿಂದ ಹೆಬ್ಬಂಡೆಯಂತೆ ಕೂತಿದ್ದ ನೂರು ಮೀಟರಿನ ದಾಖಲೆ ಜುಲೈಯಲ್ಲಿ ಉರುಳಿತು. ಆಗಸ್ಟ್ ಬಂದದ್ದೇ ಹೆಲ್ಸಿಂಕಿಯಲ್ಲಿ ಓಟಗಾರರಿಗೆಂದೇ ಮೊಟ್ಟಮೊದಲ ವಿಶ್ವ ಚಾಂಪಿಯನ್‌ಷಿಪ್. ಅಜ್ಜಿಕತೆಗಳಲ್ಲಿ ಏಳು ಸಮುದ್ರದ ಆಚೆ ರಾಜಕುಮಾರರು ಪಂಥ ಕಟ್ಟುತ್ತಾರಲ್ಲ, ಹಾಗೆ ಅಲ್ಲಿ ಲೋಕದ ಕಾಲುಗಳೆಲ್ಲ ಸೇರಿದ್ದವು. ಇವನ್ನೆಲ್ಲ ರಘುರಾಮ ಶಾರ್ಟ್‌ವೇವ್ ರೇಡಿಯೋಗೆ ಕಿವಿ ಅಂಟಿಸಿ ಕೇಳಿ, ನೀಲಿ ರಟ್ಟಿನ ನೋಟುಬುಕ್ಕಿನಲ್ಲಿ ದುಂಡಗೆ ಬರೆದಿಡುತ್ತಿದ್ದ.

ಆ ಪುಸ್ತಕದಲ್ಲಿ ನಾನೂರ ಹನ್ನೊಂದು ದಾಖಲೆಗಳಿದ್ದವು. ಒಂದನ್ನೂ ಅವನು ಕಣ್ಣಾರೆ ಕಂಡಿರಲಿಲ್ಲ. ಯಾರೋ ಓಡಿದ್ದು, ಯಾರೋ ಅಳೆದದ್ದು, ಇನ್ಯಾರೋ ಓದಿ ಹೇಳಿದ್ದು. 'ಒಂದೇ ಒಂದು,' ಎಂದು ಅವನು ಹಂಬಲಿಸುತ್ತಿದ್ದ, 'ನನ್ನ ಕಣ್ಣಿಂದ ನೋಡಿ, ನನ್ನ ಕೈಯಿಂದ ಅಳೆದು, ಹೆಸರು ಸಮೇತ ಬರೆಯಬೇಕು.' ಅದಕ್ಕೆಂದೇ ಕೊನೆಯ ಪುಟದಲ್ಲಿ ಗೆರೆ ಎಳೆದು ಇಟ್ಟಿದ್ದ: ದೂರ, ಕಾಲ, ಗಾಳಿ, ಹೆಸರು.

ಆದರೆ ಮದರಾಸಿನಲ್ಲಿ ಯಾರು ಓಡುತ್ತಾರೆ? ಹೆಂಗಸರು ಓಡುತ್ತಿದ್ದರು. ಆ ವರ್ಷ ಕೆರೆಗಳ ತಳ ಬಿರಿದು ನಲ್ಲಿಗಳು ಬರೀ ಕೆಮ್ಮುತ್ತಿದ್ದವು. ಬೆಳಗಿನ ಜಾವ ಓಣಿಯ ತುದಿಯಲ್ಲಿ ತಣ್ಣಿ ಲಾರಿ, ಅಂದರೆ ನೀರಿನ ಲಾರಿ, ಹಾರನ್ ಹೊಡೆದರೆ ಸಾಕು, ಎರಡೂ ಬದಿಯ ಬಾಗಿಲುಗಳಿಂದ ಪ್ಲಾಸ್ಟಿಕ್ ಕೊಡಗಳು ಹಾರಿಬರುತ್ತಿದ್ದವು. ರಘುರಾಮ ತನ್ನ ಮನೆಯ ಮುಂದಿನ ದೀಪದ ಕಂಬದಿಂದ ಕೊನೆಯ ಅಂಚೆಪೆಟ್ಟಿಗೆಯವರೆಗೆ ಹೆಂಡತಿಯ ಹೊಲಿಗೆ ಟೇಪು ಹಿಡಿದು ಅಳೆದಿದ್ದ. ಸರಿಯಾಗಿ ನೂರು ಮೀಟರು. ಅಳೆಯುತ್ತಿದ್ದಾಗ ಕಾರ್ಪೊರೇಷನ್ನಿನವನೆಂದುಕೊಂಡು ಮೂವರು ಬಂದು, "ಪೈಪು ಎಪ್ಪೋ ಹಾಕ್ತೀರಿ ಸಾರ್?" ಎಂದು ಕೇಳಿದ್ದರು.

ಆ ಗುರುವಾರ ಬೆಳಗ್ಗೆ ಐದಕ್ಕೇ ಮನೆಯಲ್ಲಿ ಗಡಿಬಿಡಿ. ರಘುರಾಮನ ಭಾವಮೈದುನ ಮುರಳೀಧರ ಅಂಬತ್ತೂರಿನ ಕಾರ್ಖಾನೆಯಲ್ಲಿ ಫೋರ್‌ಮನ್. ಅವನ ಅವಳಿ ಮಕ್ಕಳಿಗೆ ಜ್ವರ. ತಾಯಿಯನ್ನು ಕರೆದೊಯ್ಯಲು ಆಟೋ ತಂದಿದ್ದ.

ತಾಯಿ ಭೀಮಾಬಾಯಿ, ಅಂದರೆ ರಘುರಾಮನ ಅತ್ತೆ, ಚಾಪೆಯ ಮೇಲಿಂದಲೇ ನರಳಿದರು. "ಅಯ್ಯ ನಮ್ಮಪ್ಪಾ, ಈ ಮಂಡಿ ತೊಗೊಂಡು ಎಲ್ಲಿ ಬರ್ಲೋ? ಗ್ವಾಡಿ ಹಿಡದು ಅಡಗಿಮನಿಗೆ ಹೋಗೂದ ಒಂದು ಕಾಶೀಯಾತ್ರಾ ಆಗೇದ ನನಗ."

ಅರವತ್ತಕ್ಕೆ ಎರಡು ಕಡಿಮೆ ವಯಸ್ಸು. ಧಾರವಾಡದ ಕಡೆಯ ಹೆಣ್ಣುಮಗಳು. ಮಂಡಿಯ ಚಿಕಿತ್ಸೆಗೆಂದು ಮಗಳ ಮನೆಗೆ ಬಂದು ಎರಡು ವರ್ಷವಾಗಿತ್ತು. ಚಿಕಿತ್ಸೆಯೆಂದರೆ ಅಳಿಯ ತಂದುಕೊಡುವ ನೀಲಗಿರಿ ಎಣ್ಣೆ. ಕೊನೆಗೆ ರಘುರಾಮನ ಹೆಂಡತಿ ಅಂಬುಜಾಳೇ ಚೀಲ ತುಂಬಿಕೊಂಡು ಅಣ್ಣನ ಜೊತೆ ಹೊರಟಳು.

"ಏನ್ರೀ, ಲಾರಿ ಬಂದ್ರ ಒಂದು ಕೊಡಾ ನೀರು ಹಿಡೀರಿ. ಮನ್ಯಾಗ ಹನಿ ನೀರಿಲ್ಲ. ಮರೀಬ್ಯಾಡ್ರಿ."

"ಹೂಂ," ಎಂದ ರಘುರಾಮ. ಅವನ ಕಿವಿ ಅಂಬುಜಾಳ ಕಡೆಗಿರಲಿಲ್ಲ. ರೇಡಿಯೋ ಹೇಳುತ್ತಿತ್ತು: ಮೊನ್ನೆ ಎಂಟುನೂರು ಮೀಟರ್ ಗೆದ್ದಿದ್ದ ಚೆಕೊಸ್ಲೊವಾಕಿಯಾದ ಆ ಹೆಂಗಸೇ ನಿನ್ನೆ ನಾನೂರನ್ನೂ ಗೆದ್ದಳು, ನಲವತ್ತೇಳು ಪಾಯಿಂಟ್ ಒಂಬತ್ತು ಒಂಬತ್ತು, ನಲವತ್ತೆಂಟರ ಒಳಗೆ ಬಂದ ಮೊದಲ ಹೆಣ್ಣು, ವಯಸ್ಸು ಮೂವತ್ತೆರಡು. ರಘುರಾಮನ ಮೈ ಜುಮ್ಮೆಂದಿತು. ಅದನ್ನು ಬರೆದು, ಸ್ಟಾಪ್‌ವಾಚು ಹಿಡಿದು ಬಾಲ್ಕನಿಗೆ ಬಂದು, ಹೊರಗಿನ ಗಾಳಿಯನ್ನು ಒಮ್ಮೆ ಎಳೆದುಕೊಂಡ. ಅಷ್ಟರಲ್ಲಿ ಲಾರಿ ಹಾರನ್ ಹೊಡೆಯಿತು.

ಓಣಿ ಉಕ್ಕಿತು. ಹತ್ತು ಹನ್ನೆರಡು ಹೆಂಗಸರು ಕೊಡ ಬಡಿಯುತ್ತ ಹೊರಟರು. ಅವರೆಲ್ಲ ಹೊರಟ ಮೇಲೆ, ಕೆಳಗಿನ ನೆರಳಿನಿಂದ ಒಂದು ಹಸಿರು ಸೀರೆ ಈಚೆ ಬಂತು. ತಲೆಯ ಮೇಲೆ ಸೆರಗು, ಸೊಂಟದಲ್ಲಿ ಖಾಲಿ ಕೊಡ. ಕಂಬದ ಹತ್ತಿರ ಒಂದು ಕ್ಷಣ ನಿಂತು, ನಿರಿಗೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿಯಿತು. ರಘುರಾಮನ ಹೆಬ್ಬೆರಳು ತಾನಾಗಿ ಒತ್ತಿತು.

ಅದನ್ನು ಓಟ ಎನ್ನಬೇಕೋ ಹಾರುವಿಕೆ ಎನ್ನಬೇಕೋ! ಹೆಜ್ಜೆ ನೆಲಕ್ಕೆ ತಾಗಿದ ಸದ್ದೇ ಇಲ್ಲ. ಬಾಣಲೆಯ ಎಣ್ಣೆಯಲ್ಲಿ ಸಾಸಿವೆ ಸಿಡಿದಂತೆ ಮುಂದಿದ್ದ ಹೆಂಗಸರು ಒಬ್ಬರಾದ ಮೇಲೊಬ್ಬರು ಅತ್ತಿತ್ತ ಸರಿದರು. ಮಲಗಿದ್ದ ನಾಯಿಯೊಂದನ್ನು ಹರ್ಡಲ್ಸಿನಂತೆ ದಾಟಿದಾಗ ಕೊಡ ಸೊಂಟದಿಂದ ಕೂದಲೆಳೆಯಷ್ಟೂ ಅಲುಗಲಿಲ್ಲ. ಅಂಚೆಪೆಟ್ಟಿಗೆ. ಒತ್ತಿದ. ಹದಿನಾಲ್ಕು ಪಾಯಿಂಟ್ ಎರಡು! ಸೀರೆಯಲ್ಲಿ! ಬರಿಗಾಲಲ್ಲಿ! ಕೊಡ ಸಮೇತ! ರಘುರಾಮ ಒಬ್ಬನೇ ನಿಂತು ಚಪ್ಪಾಳೆ ತಟ್ಟಿದ. ಕಣ್ಣಲ್ಲಿ ನೀರು ಬಂತು. ಮದರಾಸಿನಲ್ಲಿ ಆ ವರ್ಷ ನೀರು ಬಂದ ಜಾಗ ಅದೊಂದೇ.

ಕಾಲ ಸಿಕ್ಕಿತು, ದೂರ ಸಿಕ್ಕಿತು. ಹೆಸರು?

ಹಾಲ್‌ನಲ್ಲಿ ಮುಸುಕು ಹೊದ್ದ ಅತ್ತೆಯ ಕಂಬಳಿಯನ್ನು ತುದಿಗಾಲಲ್ಲಿ ದಾಟಿ ಮೆಟ್ಟಿಲಿಳಿದ. ಲಾರಿಯ ಮುಂದೆ ನೋಡಿದರೆ ತಲೆ ತಿರುಗಿತು. ಎಲ್ಲಿ ನೋಡಿದರೂ ಹಸಿರು ಸೀರೆ! ಆಗ ನೆನಪಾಯಿತು. ಹೋದ ವಾರ ಆಡಿ ತಿಂಗಳ ರಿಯಾಯಿತಿ ಮಾರಾಟದಲ್ಲಿ, ಮನೆ ಮಾಲೀಕರ ಹೆಂಡತಿ ಜಯಲಕ್ಷ್ಮೀ ಮಾಮಿಯ ನೇತೃತ್ವದಲ್ಲಿ ಓಣಿಯ ಎಂಟು ಹೆಂಗಸರು ಒಂದೇ ರಾಶಿಯಿಂದ ಎಂಟು ಹಸಿರು ಸೀರೆ ತಂದಿದ್ದರು. ಒಂದು ಅಂಬುಜಾಳದ್ದೂ ಹೌದು. ಮಸುಕು ಬೆಳಕು, ನೂಕುನುಗ್ಗಲು. ನಲ್ಲಿಯ ಬಾಯಿ ಬಿಟ್ಟು ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಕೆಳಮನೆಯ ಕಮಲಾಕರ ಬಾಗಿಲಲ್ಲಿ ನಿಂತು ಹಲ್ಲುಜ್ಜುತ್ತಿದ್ದ. ಉಡುಪಿ ಕಡೆಯವನು, ರಘುರಾಮನ ಕಚೇರಿಯವನೇ. ಗುಟ್ಟು ಅವನ ಹೊಟ್ಟೆಯಲ್ಲಿ ಜರಡಿಯಲ್ಲಿ ನೀರು ನಿಂತಷ್ಟು ಹೊತ್ತು ನಿಲ್ಲುತ್ತಿತ್ತು.

ರಘುರಾಮ ಏದುಸಿರಿನಲ್ಲಿ ಕೇಳಿದ. "ಕಮಲಾಕರ್, ಹಸಿರು ಸೀರೆ ಉಟ್ಟವಳು ಓಡಿಹೋದಳಲ್ಲ, ನೋಡಿದಿರಾ?"

ಕಮಲಾಕರನ ಬ್ರಷ್ಷು ಬಾಯಲ್ಲೇ ನಿಂತಿತು. "ಓಡಿಹೋದದ್ದಾ? ಯಾರು ಮಾರಾಯ್ರೆ?"

"ಅದೇ ಗೊತ್ತಿಲ್ಲವಲ್ಲ! ಐದು ನಲವತ್ತಕ್ಕೆ. ನನ್ನ ಕಣ್ಣೆದುರೇ ಓಡಿಹೋದಳು. ಅಬ್ಬ! ಹೆಸರು ಗೊತ್ತಾಗದೆ ನನಗೆ ಊಟ ಸೇರೋಲ್ಲ."

ಅಷ್ಟು ಹೇಳಿ ರಘುರಾಮ ಮೇಲೆ ಹೋದ. ಕಮಲಾಕರ ನೊರೆ ನುಂಗಿದ. ಓಡಿಹೋದಳು! ಕನ್ನಡದಲ್ಲಾಗಲಿ ತಮಿಳಿನಲ್ಲಾಗಲಿ, ಸೀರೆ ಉಟ್ಟವಳು ಬೆಳಗಿನ ಜಾವ ಓಡಿಹೋದಳು ಎಂದರೆ ಅರ್ಥ ಒಂದೇ. ಮೊದಲು ಅವನು ಒಳಗೆ ಹೋಗಿ ತನ್ನ ಹೆಂಡತಿ ಇದ್ದಾಳೆಯೇ ಎಂದು ನೋಡಿಕೊಂಡ. ಇದ್ದಳು, ಬೈಯುತ್ತಿದ್ದಳು. ಸಮಾಧಾನವಾಯಿತು.

ಮೇಲೆ ಅಡುಗೆಮನೆಯಲ್ಲಿ ಕಾಫಿ ಸಿದ್ಧವಾಗಿತ್ತು, ಕೊಡದ ತುಂಬ ನೀರಿತ್ತು. ಅಂಬುಜಾ ನೀರು ಹಿಡಿ ಎಂದದ್ದು ರಘುರಾಮನಿಗೆ ಆಗ ನೆನಪಾಗಿ ನಾಲಿಗೆ ಕಚ್ಚಿಕೊಂಡ. ಅಂತೂ ಅವಳೇ ಎಲ್ಲಿಂದಲೋ ತುಂಬಿಸಿಟ್ಟು ಹೋಗಿದ್ದಾಳೆ ಎಂದುಕೊಂಡು ಕಾಫಿ ಕುಡಿದ. ಅತ್ತೆ ಚಾಪೆಯ ಮೇಲೆ ಕೂತು ಮಂಡಿ ನೀವಿಕೊಳ್ಳುತ್ತಿದ್ದರು.

"ಎಣ್ಣೆ ಕೊಡಲಾ ಅತ್ತೆ? ಉಸಿರು ಜೋರಾಗಿದೆಯಲ್ಲ?"

"ನೋವಿಗೆ ಉಬ್ಬಸಾ ಬಂದದರಿ, ಅಳಿಯಂದ್ರ," ಎಂದರು ಭೀಮಾಬಾಯಿ.

ಕಚೇರಿ ಮುಟ್ಟುವ ಹೊತ್ತಿಗೆ ಕಮಲಾಕರ ಬಸ್ಸಿನಲ್ಲೇ ತನಿಖೆ ಶುರುಮಾಡಿದ್ದ. ಹತ್ತೂವರೆಗೆ ಜಯಲಕ್ಷ್ಮೀ ಮಾಮಿಗೆ ಫೋನು ಹಚ್ಚಿದ. ಇಡೀ ಓಣಿಗೆ ಅದೊಂದೇ ಫೋನು. ಮಾಮಿ ಮನೆಮನೆಗೆ ಹೋಗಿ ತಲೆ ಎಣಿಸಿ ಬಂದರು. ಎಂಟು ಹಸಿರು ಸೀರೆಗಳಲ್ಲಿ ಏಳರ ಒಡತಿಯರು ಮನೆಯಲ್ಲಿದ್ದರು. ಎಂಟನೆಯವಳು ಮುಂಜಾನೆ ಐದಕ್ಕೆ ಚೀಲ ಹಿಡಿದು, ಒಬ್ಬ ಗಂಡಸಿನ ಜೊತೆ ಆಟೋ ಹತ್ತಿದ್ದನ್ನು ಹಾಲಿನವಳು ನೋಡಿದ್ದಳು.

"ಅಂಬುಜಾ!" ಎಂದ ಕಮಲಾಕರ, ಫೋನು ಇಟ್ಟು. "ಪಾಪ, ಹೆಸರು ಗೊತ್ತಿಲ್ಲ ಅಂತ ಹೇಳಿದ್ದು ಮರ್ಯಾದೆಗೆ ಮಾರಾಯ್ರೆ."

ಹನ್ನೊಂದಕ್ಕೆ ಸೂಪರಿಂಟೆಂಡೆಂಟ್ ತಿರುಮಲರಾಯರು ರಘುರಾಮನನ್ನು ಒಳಗೆ ಕರೆದರು. ಮೂರು ತಲೆಮಾರಿನಿಂದ ಮದರಾಸಿನಲ್ಲೇ ಬೇರುಬಿಟ್ಟ ಮನೆತನ. ಅವರ ಕನ್ನಡದ ತುಂಬ ತಮಿಳು ಒಗ್ಗರಣೆ. ಬಾಗಿಲು ಮುಚ್ಚಿ, ತಾವೇ ಕುರ್ಚಿ ಎಳೆದು ಕೂರಿಸಿದರು.

"ತಣ್ಣಿ ಕುಡೀಪ್ಪಾ. ಕಮಲಾಕರ ಎಲ್ಲಾ ಹೇಳಿದ. ಮನಸ್ಸಿಗೆ ರೊಂಬ ಕಷ್ಟ ಆಯ್ತು."

"ಕಷ್ಟ ಏನು ಸಾರ್! ಜನ್ಮ ಸಾರ್ಥಕ ಆಯ್ತು."

ರಾಯರು ಕನ್ನಡಕ ತೆಗೆದರು. ದೊಡ್ಡ ಆಘಾತವಾದಾಗ ಜನ ಹೀಗೇ ಮಾತಾಡುತ್ತಾರೆಂದು ಅವರು ಕೇಳಿದ್ದರು. "ಎಷ್ಟು ಹೊತ್ತಿಗೆ ಓಡಿಹೋದದ್ದು?"

"ಐದು ನಲವತ್ತು ಸಾರ್. ಹದಿನಾಲ್ಕು ಪಾಯಿಂಟ್ ಎರಡು ಸೆಕೆಂಡು. ಅಷ್ಟೇ!"

"ಅಷ್ಟೇನಾ? ಒಂದು ಮಾತೂ ಹೇಳಲಿಲ್ಲವಾ?"

"ಆ ಓಟದಲ್ಲಿ ಮಾತೆಲ್ಲಿಯದು ಸಾರ್. ಹಿಂದಕ್ಕೇ ತಿರುಗಲಿಲ್ಲ."

"ನೀನು ತಡೀಲಿಲ್ಲವಾ?"

"ತಡೆಯೋದಾ! ಬಾಲ್ಕನಿಯಲ್ಲಿ ನಿಂತು ಚಪ್ಪಾಳೆ ತಟ್ಟಿದೆ."

ರಾಯರು ಲೋಟದ ನೀರನ್ನು ತಾವೇ ಕುಡಿದರು. "ಜೊತೆಯಲ್ಲಿ... ಯಾರಾದರೂ ಇದ್ದರಾ?"

"ಹತ್ತು ಹನ್ನೆರಡು ಜನ ಇದ್ದರು ಸಾರ್. ಎಲ್ಲರನ್ನೂ ಹಿಂದೆ ಹಾಕಿಬಿಟ್ಟಳು!"

"ಹತ್ತು ಹನ್ನೆರಡಾ?" ರಾಯರ ಧ್ವನಿ ಕೀರಲಾಯಿತು. "ಶಿವ ಶಿವಾ!"

"ನನಗೆ ಬೇರೇನೂ ಬೇಡ ಸಾರ್. ಅವಳ ಹೆಸರು ಒಂದು ಗೊತ್ತಾದರೆ ಸಾಕು."

ರಾಯರ ಕಣ್ಣು ತೇವವಾಯಿತು. ಅಯ್ಯೋ ಪಾವಂ, ಹೆಂಡತಿಯ ಹೆಸರೇ ಮರೆತುಹೋಗಿದೆ! ರಘುರಾಮನ ತಲೆ ಸವರಿ, "ಅದು ತಾನಾಗೇ ಜ್ಞಾಪಕಕ್ಕೆ ಬರುತ್ತಪ್ಪಾ. ಮನೆಗೆ ಹೋಗಿ ಮಲಕ್ಕೋ," ಎಂದು ರಜೆ ಕೊಟ್ಟರು. ಕಮಲಾಕರನನ್ನು ಜೊತೆಗೆ ಕಳಿಸಿದರು. ಓಟವನ್ನು ಇಷ್ಟು ಗೌರವಿಸುವ ಮನುಷ್ಯ ತನ್ನ ಕಚೇರಿಯಲ್ಲೇ ಇದ್ದದ್ದು ಇಷ್ಟು ವರ್ಷ ತಿಳಿಯಲಿಲ್ಲವಲ್ಲ ಎಂದು ರಘುರಾಮ ಬಸ್ಸಿನುದ್ದಕ್ಕೂ ಹಲುಬಿದ. ಕಮಲಾಕರ ಅವನ ಬೆನ್ನು ತಟ್ಟುತ್ತ ಕಿಟಕಿಯಾಚೆ ನೋಡುತ್ತಿದ್ದ.

ಮನೆಯ ಮೆಟ್ಟಿಲ ತುಂಬ ಚಪ್ಪಲಿಗಳು. ಒಳಗೆ ಹೆಂಗಸರು ಭೀಮಾಬಾಯಿಯವರ ಚಾಪೆಯ ಸುತ್ತ ಕೂತಿದ್ದರು.

"ಅಳಬೇಡಿ ಮಾಮಿ," ಎನ್ನುತ್ತಿದ್ದರು ಜಯಲಕ್ಷ್ಮೀ ಮಾಮಿ. ಭೀಮಾಬಾಯಿ ಅಳುತ್ತಿರಲಿಲ್ಲ.

"ನನ್ನ ಮಗಳು ಅಂಬತ್ತೂರಿಗೆ ಹೋಗ್ಯಾಳವಾ, ಅಣ್ಣನ ಮನಿಗೆ!"

"ಹೆತ್ತ ಹೊಟ್ಟೆ, ಹಾಗೇ ಸೊಲ್ಲುತ್ತೆ," ಎಂದು ಮಾಮಿ ಉಳಿದವರ ಕಡೆ ಕಣ್ಣು ಮಿಟುಕಿಸಿದರು. "ನಾನು ನಿಮ್ಮ ಮಗನ ಫ್ಯಾಕ್ಟರಿಗೇ ಫೋನ್ ಮಾಡಿ ಹೇಳಿಬಿಟ್ಟಿದ್ದೀನಿ, ತಂಗಿ ಓಡಿಹೋದಳು ಅಂತ."

ಆಗ ರಘುರಾಮನಿಗೆ ಬೆಳಗಿನಿಂದ ಊರು ಯಾವ ಓಟದ ಮಾತಾಡುತ್ತಿದೆ ಎಂದು ಹೊಳೆಯಿತು. "ಅಯ್ಯೋ, ಆ ಓಡಿಹೋಗೋದಲ್ಲ! ನಾನು ಹೇಳಿದ್ದು ಈ ಓಡಿಹೋಗೋದು!" ಎಂದು ಎರಡು ಕೈ ಬೀಸಿ ತೋರಿಸಿದ. ಯಾರಿಗೂ ವ್ಯತ್ಯಾಸ ತಿಳಿಯಲಿಲ್ಲ.

ಕೆಳಗೆ ಟ್ಯಾಕ್ಸಿ ನಿಂತ ಸದ್ದು. ನೀಲಿ ವಾಯಿಲ್ ಸೀರೆಯ ಅಂಬುಜಾ, ಹಿಂದೆ ಗಾಣದ ಎತ್ತಿನಂಥ ಮುರಳೀಧರ.

"ಯಾರು ಅಂದವರು ನಾ ಓಡಿಹೋದೆ ಅಂತ?"

ಹೆಂಗಸರು ಮಾಮಿಯತ್ತ ನೋಡಿದರು. ಮಾಮಿ ಕಮಲಾಕರನತ್ತ, ಕಮಲಾಕರ ರಘುರಾಮನತ್ತ. ರಘುರಾಮನಿಗೆ ನೋಡಲು ಯಾರೂ ಉಳಿದಿರಲಿಲ್ಲ.

ತೊದಲುತ್ತ ನಿಜ ಹೇಳಿದ. ಬಾಲ್ಕನಿಯಲ್ಲಿ ನಿಂತಿದ್ದೆ, ಕೈಯಲ್ಲಿ ಗಡಿಯಾರ ಇತ್ತು, ಹಸಿರು ಸೀರೆಯ ಹೆಂಗಸೊಬ್ಬಳನ್ನು ನೋಡಿದೆ, ಮರುಳಾಗಿಹೋದೆ. ನಿಜ ಹೇಳಿದಷ್ಟೂ ಕೋಣೆ ತಣ್ಣಗಾಯಿತು.

"ದಿನಾ ನೋಡ್ತೀರೇನು?" ಎಂದಳು ಅಂಬುಜಾ, ಬಹಳ ಮೆಲ್ಲಗೆ.

"ಛೆ ಛೆ, ಶಾಸ್ತ್ರೀಯವಾಗಿ! ಇಗೋ ಪುಸ್ತಕ!"

ಅದು ಅವನು ಮಾಡಬಾರದಿದ್ದ ಕೆಲಸ. ಮಾಮಿ ಪುಸ್ತಕ ಕಿತ್ತುಕೊಂಡು ಹಿಂಬದಿಯಿಂದ ತೆರೆದರು. ಕೊನೆಯ ಪುಟದ ಹಿಂದಿನ ಎರಡು ಹಾಳೆಗಳಲ್ಲಿ ಇಡೀ ಓಣಿ ಇತ್ತು. "ಎದುರುಮನೆ ಕಲಾವತಿ, ಹದಿನೇಳು ಪಾಯಿಂಟ್ ಎಂಟು. ಮೂಲೆಮನೆ ಊರ್ಮಿಳಾ, ಹದಿನೆಂಟು ಪಾಯಿಂಟ್ ಒಂದು, ಕೊಡ ಬಿತ್ತು." ಮಾಮಿಯ ಧ್ವನಿ ನಿಂತಿತು. "ಜಯಲಕ್ಷ್ಮೀ ಮಾಮಿ, ಇಪ್ಪತ್ಮೂರು ಪಾಯಿಂಟ್ ನಾಲ್ಕು. ಗಾಳಿ ಅನುಕೂಲ."

"ಓಡುವಾಗ ಬೆನ್ನ ಹಿಂದಿನಿಂದ ಗಾಳಿ ಬೀಸಿದ್ದರೆ ಹಾಗೆ ಬರೀಬೇಕು ಮಾಮಿ," ಎಂದ ರಘುರಾಮ ವಿನಯದಿಂದ.

"ಇಪ್ಪತ್ಮೂರಾ?" ಮಾಮಿಯ ಮೂಗುಬೊಟ್ಟು ಕಿಡಿಕಾರಿತು. "ಎನ್ನಪ್ಪಾ ಅನ್ಯಾಯ ಇದು! ಅವತ್ತು ನನ್ನ ಚಪ್ಪಲಿ ಕಿತ್ತುಹೋಗಿತ್ತು! ಅದನ್ನು ಯಾಕೆ ಬರೆಯಲಿಲ್ಲ?"

"ನನ್ನದೂ ತಪ್ಪು ಅಳೆದಿದ್ದೀರಿ," ಎಂದಳು ಕಲಾವತಿ. "ನಾನು ಅಲ್ಲಿಂದ ಅಲ್ಲ, ಇನ್ನೂ ಹಿಂದಿನಿಂದ ಹೊರಟದ್ದು."

ಹೆಂಗಸರು ಪುಸ್ತಕಕ್ಕೆ ಮುಗಿಬಿದ್ದರು. ಯಾರನ್ನು ನೋಡಿದ ಎಂಬ ಜಗಳ ಹೋಗಿ, ಯಾರು ಮುಂದೆ ಎಂಬ ಜಗಳ ಶುರುವಾಯಿತು. ಗದ್ದಲದ ನಡುವೆ ಮುರಳೀಧರನೇ ಕೊನೆಯ ಪುಟ ನೋಡಿ ಲೆಕ್ಕ ಹಾಕಿದ.

"ತಡೀರಿ. ಹಸಿರು ಸೀರಿಯವರು ಎಂಟು ಮಂದಿ. ಏಳು ಮಂದಿದು ಇಲ್ಲೇ ಅದ, ಯಾರೂ ಹದಿನೇಳರ ಒಳಗ ಬಂದಿಲ್ಲ. ಎಂಟನೇದಾಕಿ ನಮ್ಮ ಅಂಬಿ, ನನ್ನ ಜೋಡಿ ಇದ್ಲು. ಮತ್ತ ಈ ಹದಿನಾಲ್ಕು ಪಾಯಿಂಟ್ ಎರಡು ಯಾರದು ಭಾವ?"

ಎಲ್ಲರೂ ರಘುರಾಮನತ್ತ ತಿರುಗಿದರು.

"ಕನಸು ಬಿದ್ದದ್ದು ಮಾರಾಯ್ರೆ," ಎಂದ ಕಮಲಾಕರ ಕನಿಕರದಿಂದ. "ರೇಡಿಯೋ ಜಾಸ್ತಿ ಆದರೆ ಹಾಗೇ ಆಗುವುದು."

ಹೆಂಗಸರನ್ನು ನೋಡಿದವನು ಎಂದಾಗಲೂ ಅವನಿಗೆ ಇಷ್ಟು ನೋವಾಗಿರಲಿಲ್ಲ. ಕಣ್ಣಾರೆ ಕಂಡ ಒಂದೇ ಒಂದು ದಾಖಲೆ, ಅದೂ ಸುಳ್ಳಾಯಿತು. ಹಾಗೆ ಯಾರು ಓಡಲು ಸಾಧ್ಯ? ಅವನಿಗೂ ಅನುಮಾನ ಹತ್ತಿತು.

"ಅವ್ವಾ, ನಡಿ," ಎಂದ ಮುರಳೀಧರ. "ಇಂಥಾ ಮನ್ಯಾಗ ನೀ ಇರೂದು ಬ್ಯಾಡ. ಅಲ್ಲಿ ಹುಡುಗ್ರನ್ನ ನೋಡ್ಕೊಂಡು, ಎರಡು ಕೊಡಾ ನೀರು ತಂದುಕೊಂಡು ಆರಾಮ ಇರು."

ಆರಾಮದ ಈ ವರ್ಣನೆ ಕೇಳಿ ಭೀಮಾಬಾಯಿ ಎರಡೂ ಮಂಡಿ ಹಿಡಿದುಕೊಂಡರು. "ಮುರಳಿ, ಅಳಿಯಂದ್ರಿಗೆ ಒಂದು ಮಾತು ಅನಬ್ಯಾಡ. ಲಾರಿ ಬಂತೇನು ನೋಡ್ರಿ, ಎಷ್ಟು ಮಂದಿ ಮುಂದ ಅದಾರ ನೋಡ್ರಿ ಅಂತ ನಾನ ಅವರನ್ನ ದಿನಾ ನಿಲ್ಲಸ್ತೀನಿ. ನನಗಂತೂ ಇಳಿಯೂದಾಗೂದಿಲ್ಲ. ಬರೂದೇನು, ಬರ್ತೀನಪಾ. ಎರಡು ಮಾಳಗಿ ನೀ ಎತ್ಕೊಂಡು ಇಳದ್ರ ಬರ್ತೀನಿ."

ಮುರಳೀಧರ ಮೆಟ್ಟಿಲನ್ನು ನೋಡಿದ, ತಾಯಿಯನ್ನು ನೋಡಿದ. ಅವಳಿಗಳಿಗೆ ಜ್ವರ ಇಳಿದಿದೆ ಎಂಬುದು ಅವನಿಗೆ ಆಗ ನೆನಪಾಯಿತು. ಟ್ಯಾಕ್ಸಿ ಹತ್ತಿ ಹೋದ.

ಸಭೆ ಚದುರಿತು. ಹೋಗುವ ಮುಂಚೆ ಮಾಮಿ, ನಾಳೆಯೇ ಆ ಬಾಲ್ಕನಿಗೆ ಬಿದಿರಿನ ತಟ್ಟಿ ಕಟ್ಟಿಸುವುದಾಗಿ ಸಾರಿದರು. ಅಂಬುಜಾ ತೀರ್ಪು ಕೊಟ್ಟಳು. "ನಾಳಿಂದ ನೀರು ತರೋರು ನೀವು. ದಿನಾ. ಮತ್ತ ಈ ಗಡಿಯಾರ, ಈ ಪುಸ್ತಕಾ ಅವ್ವನ ಹತ್ರ ಇರ್ಲಿ. ಆಕಿ ಕಾಲಾಗಂತೂ ಶಕ್ತಿ ಇಲ್ಲ, ಕೂತಲ್ಲೇ ಕಾಯ್ಕೊಂಡಿರ್ತಾಳ." ಹೇಳಿ, ಮಾಮಿಯನ್ನು ಸಮಾಧಾನ ಮಾಡಲು ಕೆಳಗಿಳಿದಳು.

ಸೋತ ಸೈನಿಕನಂತೆ ರಘುರಾಮ ಹಿಂಬದಿಯ ವರಾಂಡಕ್ಕೆ ಹೋದ, ಟವೆಲ್ಲು ತರಲು. ಅಲ್ಲಿಂದ ಕಬ್ಬಿಣದ ಮೆಟ್ಟಿಲೊಂದು ಹಿತ್ತಲಿಗೆ ಇಳಿಯುತ್ತಿತ್ತು. ಹಗ್ಗದ ಮೇಲೆ ಅಂಬುಜಾಳ ಹಸಿರು ಸೀರೆ ಒಣಗುತ್ತಿತ್ತು. ಅಂಚಿನ ತುಂಬ ಲಾರಿ ನಿಲ್ಲುವ ಜಾಗದ ಕೆಂಪು ಕೆಸರು.

ರಘುರಾಮ ಟವೆಲ್ಲು ಮರೆತ. ಅಂಬುಜಾ ಉಟ್ಟುಹೋದದ್ದು ನೀಲಿ. ಹಸಿರು ಮನೆಯಲ್ಲೇ ಇತ್ತು. ಕೊಡದಲ್ಲಿ ನೀರಿತ್ತು, ಹನಿ ನೀರಿಲ್ಲ ಎಂದು ಅವಳೇ ಹೇಳಿಹೋಗಿದ್ದಳು. ಕಂಬಳಿಯೊಳಗೆ ಮಲಗಿದ್ದದ್ದು... ಅವನು ಮೆಲ್ಲಗೆ ತಿರುಗಿದ.

ಬಾಗಿಲಲ್ಲಿ ಭೀಮಾಬಾಯಿ ನಿಂತಿದ್ದರು. ಗೋಡೆ ಹಿಡಿದಿರಲಿಲ್ಲ.

"ಎಷ್ಟಾತಂದ್ರಿ ಅಳಿಯಂದ್ರ? ಹದಿನಾಲ್ಕು ಪಾಯಿಂಟ್?"

"ಎ... ಎರಡು."

"ನಾಯಿ ಅಡ್ಡ ಬಂದಿತ್ತರಿ," ಎಂದರು ಅವರು ಅಸಮಾಧಾನದಿಂದ. "ಇಲ್ಲಾಂದ್ರ ಇನ್ನೂ ಕಡಿಮಿ ಆಗ್ತಿತ್ತು."

ರಘುರಾಮ ಅಲ್ಲೇ ಕುಸಿದು ಕೂತ. ಕೂತವನು ಹಾಗೇ ಬಗ್ಗಿ ಆ ಎರಡು ಕಾಲುಗಳಿಗೆ ನಮಸ್ಕಾರ ಮಾಡಿದ. ಅಳಿಯನೊಬ್ಬ ಅತ್ತೆಗೆ ಅಷ್ಟು ಮನಸಾರೆ ನಮಸ್ಕರಿಸಿದ್ದು ಆ ವರ್ಷದ ಇನ್ನೊಂದು ದಾಖಲೆ.

"ಅತ್ತೆ, ಹೆಲ್ಸಿಂಕಿಯಲ್ಲಿ ಗೆದ್ದವಳಿಗೆ ಮೂವತ್ತೆರಡು ವರ್ಷ!"

"ಕೂಸು," ಎಂದರು ಭೀಮಾಬಾಯಿ. ಪಕ್ಕದಲ್ಲಿ ಕೂತು, ಒದ್ದೆ ಅಂಚನ್ನು ಬೆರಳಲ್ಲಿ ಉಜ್ಜಿದರು. "ನಿಮಗ ನೀರಿನ ಖಬರಿರ್ಲಿಲ್ಲ, ಗಡಿಯಾರ ಹಿಡ್ಕೊಂಡು ನಿಂತ್ರಿ. ಮಡಿ ನೀರಿಲ್ಲದ ನಾ ಹ್ಯಾಂಗ ಇರ್ಲಿ? ನನ್ನ ಸೀರಿ ಉಟ್ರ ಓಣಿಗೆಲ್ಲಾ ಗುರುತು. ಎಂಟು ಹಸರಿನಾಗ ಒಂದು ಹಸರು ಯಾರಿಗೆ ಕಾಣ್ತದ ಅಂದ್ಕೊಂಡೆ. ನಿಮ್ಮ ಮಾವ ಹೋದ ಮ್ಯಾಲೆ ಹದಿನಾರು ವರ್ಷಾ ಆತು ಈ ಬಣ್ಣ ಮುಟ್ಟಿ. ಉಟ್ಟ ಕೂಡ್ಲೆ ಕಾಲಿಗೆ ಏನಾತೋ, ನಿಲ್ಲವಲ್ಲವು."

ರಘುರಾಮ ಎದ್ದು ಓಡಿ, ಅಂದರೆ ಅವನಿಗೆ ಸಾಧ್ಯವಾದಷ್ಟು ಓಡಿ, ಪುಸ್ತಕ ತಂದ. ಕೊನೆಯ ಪುಟ. ಪೆನ್ನಿನ ಮುಚ್ಚಳ ತೆಗೆದ. "ಹೆಸರು: ಶ್ರೀಮತಿ ಭೀ..."

ಭೀಮಾಬಾಯಿಯವರ ಕೈ ಪುಟವನ್ನು ಮುಚ್ಚಿತು.

"ಒಂದು ಕತಿ ಕೇಳ್ರಿ. ನಮ್ಮಜ್ಜಿ ಹೇಳ್ತಿದ್ಲು. ಒಬ್ಬಾಕಿ ಹುಡಿಗಿ ಗಾಳಿ ಜೋಡಿ ಓಡೂ ಪಂಥಾ ಕಟ್ಟಿದ್ಲಂತ. ಏಳು ಊರು ದಾಟಿ ಗಡಿಕಲ್ಲಿಗೆ ಬಂದಾಗ ಗಾಳಿಗಿಂತ ಆಕಿ ಮೂಗುಬೊಟ್ಟು ಮುಂದ. ಗಾಳಿಗೆ ನಾಚಿಕಿ ಆತು. 'ಮಗಳ, ಯಾರಿಗೂ ಹೇಳಬ್ಯಾಡ. ಹೇಳಲಿಲ್ಲಂದ್ರ ಸಾಯೂತನಕ ನಿನ್ನ ಬೆನ್ನಿಗಿರ್ತೀನಿ' ಅಂತು. ಆಕಿ ಹೇಳಲಿಲ್ಲ, ಗಾಳಿ ಆಕಿ ಬೆನ್ನು ಬಿಡಲಿಲ್ಲ." ಭೀಮಾಬಾಯಿ ಪುಸ್ತಕವನ್ನು ಸೆರಗಿನಲ್ಲಿ ಸುತ್ತಿಕೊಂಡರು. "ಹೆಸರು ಬರದ್ರ ನಾಳೆ ಮುರಳಿಗೆ ತಿಳೀತದ. ನನ್ನ ಕಾಲು ಅಂಬತ್ತೂರಿನ ಪಾಲು. ಬರೀಲಿಲ್ಲಂದ್ರ ಇವತ್ತಿನಂಗ ನಾ ಯಾವತ್ತೂ ನಿಮ್ಮ ಬೆನ್ನಿಗಿರ್ತೀನಿ. ಹೆಂಗ?"

ಕೆಳಗಿನಿಂದ ಅಂಬುಜಾಳ ಹೆಜ್ಜೆ ಸದ್ದು. ಭೀಮಾಬಾಯಿ ಗೋಡೆ ಹಿಡಿದರು. "ಅಯ್ಯ ನಮ್ಮಪ್ಪಾ, ಈ ಮಂಡೀ..."

ಮರುದಿನ ಐದು ನಲವತ್ತಕ್ಕೆ ಲಾರಿ ಹಾರನ್ ಹೊಡೆಯಿತು. ಸೊಂಟದ ಎರಡೂ ಬದಿಗೆ ಒಂದೊಂದು ಕೊಡ ಒತ್ತಿಕೊಂಡು, ಲುಂಗಿ ಎತ್ತಿ ಕಟ್ಟಿದ ರಘುರಾಮ ದೀಪದ ಕಂಬದಿಂದ ಹೊರಟ. ಎದುರಿನಿಂದ ಬಲವಾದ ಸಮುದ್ರದ ಗಾಳಿ. ಕಲಾವತಿ ದಾಟಿದಳು, ಊರ್ಮಿಳಾ ದಾಟಿದಳು. ನಾಯಿ ತಾನೇ ಎದ್ದು ದಾರಿ ಬಿಟ್ಟಿತು. ಕೊನೆಯಲ್ಲಿ ಜಯಲಕ್ಷ್ಮೀ ಮಾಮಿ ಹೊಸ ಚಪ್ಪಲಿಯಲ್ಲಿ ಪಟಪಟನೆ ಮುಂದೆ ಹೋಗಿ, "ಇದನ್ನ ಬರ್ಕೊಳ್ಳಿ!" ಎಂದು ಕೂಗಿದರು.

ನೀರು ಹೊತ್ತು ಮೇಲೆ ಬಂದಾಗ ಅತ್ತೆ ಚಾಪೆಯ ಮೇಲೆ ನರಳುತ್ತಿದ್ದರು. ಪಕ್ಕದಲ್ಲಿ ಸ್ಟಾಪ್‌ವಾಚು, ತೆರೆದ ನೀಲಿ ಪುಸ್ತಕ. ಕೊನೆಯ ಪುಟದಲ್ಲಿ ೧೪.೨ರ ಮುಂದೆ ಹೆಸರಿನ ಜಾಗ ಖಾಲಿಯೇ ಇತ್ತು. ಅದರ ಕೆಳಗೆ, ಹಳೇ ಕಾಲದ ದಪ್ಪಕ್ಷರಗಳಲ್ಲಿ, ಶಾಯಿ ಇನ್ನೂ ಆರದ ಒಂದು ಹೊಸ ಸಾಲು:

'ಅಳಿಯಂದ್ರು. ೩೧.೬. ಗಾಳಿ ಅನುಕೂಲ.'